ಮೀಟರ್ ಅಂದ್ರೆ ಮೂರು ಅಡಿ ಅಲ್ಲ: ನನ್ನ ಕೃಷಿ ಹೊಂಡದ ಲೆಕ್ಕ

ಶೀಟು ಹಾಸಿದ ದಿನವೇ ನನಗೆ ಅನುಮಾನ ಬರಬೇಕಿತ್ತು. ದಂಡೆಯಲ್ಲಿ ಹೂಳಲು ಬೇಕಾದಷ್ಟು ಬಿಟ್ಟ ಮೇಲೂ ಒಂದೂಕಾಲು ಮೀಟರ್ ಉಳಿಯಿತು. "ಅಂಗಡಿಯವ್ರು ಕೈ ಬಿಚ್ಚಿ ಕೊಟ್ಟಾರ ಬಿಡೋ" ಅಂದರು ನಮ್ಮ ಕಾಕಾ. ಯಾವ ಅಂಗಡಿಯವರು ಹಾಗೆ ಕೊಡುತ್ತಾರೆ? ಆದರೂ ನಾನು ಖುಷಿಯಾಗಿಯೇ ಉಳಿದದ್ದನ್ನು ಮಡಚಿ ಮಣ್ಣಲ್ಲಿ ಹೂತೆ. ಕತ್ತರಿಸಿ ಕಣಕ್ಕೆ ಹಾಸಲಿಲ್ಲ, ಅದೊಂದು ಪುಣ್ಯ.

ನಮ್ಮದು ಗದಗ ಜಿಲ್ಲೆಯಲ್ಲಿ, ಕಪ್ಪತಗುಡ್ಡದ ಕಡೆ, ಮಸಾರಿ ಹೊಲ. ನೀರು ನಿಲ್ಲುವುದಿಲ್ಲ, ಇಂಗಿ ಹೋಗುತ್ತದೆ. ಅದಕ್ಕೇ ಹೊಂಡಕ್ಕೆ ಶೀಟು ಬೇಕು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದು ನೀರು ಕೊಡುವುದಕ್ಕಾದರೂ ಆಗಲಿ ಎಂದು ಹೊಂಡ ತೋಡಿಸಲು ಹೊರಟೆ. ಅಳತೆ ಹೀಗಿತ್ತು: ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ. ಬದಿಗಳು ಇಳಿಜಾರು, ಒಂದು ಮೀಟರ್ ಇಳಿದರೆ ಒಂದು ಮೀಟರ್ ಒಳಗೆ. ಹಾಗಾಗಿ ತಳ 6 ಮೀಟರ್ ಚೌಕ.

ಜೆಸಿಬಿ ಡ್ರೈವರ್ ಕೇಳಿದ, "ಫೂಟಿನ್ಯಾಗ ಹೇಳ್ರಿ ಅಣ್ಣಾರ. ಮೀಟರಂದ್ರ ಮೂರ್ ಫೂಟ್ ಅಲ್ರೀ?" ನಾನು ಹೂಂ ಅಂದೆ. ತಪ್ಪು ಅವನದಲ್ಲ, ಹೂಂ ಅಂದವನದು. 36 ಫೂಟು ಚೌಕ, 9 ಫೂಟು ಆಳ ತೋಡಿ ಹೋದ.

ಗುಟ್ಟು ಬಿಚ್ಚಿದವಳು ಒಂಬತ್ತನೇ ತರಗತಿಯ ಮಗಳು. ಶಾಲೆಯಲ್ಲಿ ಘನ ಅಳತೆಯ ಲೆಕ್ಕ ಕೊಟ್ಟಿದ್ದರು. ನಮ್ಮ ಹೊಂಡವನ್ನೇ ಅಳೆಯೋಣ ಎಂದು ಟೇಪು ಹಿಡಿದಳು. "ಅಪ್ಪಾ, ಇಲ್ಲಿ ಹನ್ನೊಂದೂ ಪೂರ್ತಿ ಇಲ್ಲ ನೋಡು" ಅಂದಳು. 10.97 ಮೀಟರ್. ಮೂರು ಸಲ ಅಳೆದರೂ ಅಷ್ಟೇ.

ಮೂರು ಅಡಿ ಅಂದರೆ ಗಜ, ಮೀಟರ್ ಅಲ್ಲ. ಹಿಂದೆ ಬಟ್ಟೆ ಅಂಗಡಿಯಲ್ಲಿ ಗಜ ಇತ್ತು, ಆಮೇಲೆ ಮೀಟರ್ ಬಂತು. ಎರಡೂ ಕಣ್ಣಿಗೆ ಒಂದೇ ಥರ ಕಾಣುವುದರಿಂದ ನಮ್ಮ ತಲೆಯಲ್ಲಿ ಒಂದಾಗಿಬಿಟ್ಟವು. ಗಜ 0.9144 ಮೀಟರ್, ಅಡಿ 0.3048 ಮೀಟರ್. ಇದು ಸುಮಾರು ಲೆಕ್ಕವಲ್ಲ. 1959ರಲ್ಲಿ ಇಂಗ್ಲಿಷ್ ಅಳತೆಯ ದೇಶಗಳೇ ಕೂತು ಹೀಗೆಂದು ನಿಗದಿ ಮಾಡಿಕೊಂಡವು. ಅಂದರೆ ಈಗ ಅಡಿಗೂ ಆಧಾರ ಮೀಟರೇ. ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಗೆ ಕಾನೂನು ಬಂದದ್ದು 1956ರಲ್ಲಿ. ಅಷ್ಟು ವರ್ಷವಾದರೂ ನಾವು ಸೈಟು ಅಳೆಯುವುದು ಅಡಿಯಲ್ಲಿ, ಹೊಲ ಗುಂಟೆಯಲ್ಲಿ!

ಮೀಟರಿಗೆ ಎಂಟೂವರೆ ಸೆಂಟಿಮೀಟರ್ ತಾನೇ, ಹೋದರೆ ಹೋಗಲಿ ಎನಿಸಿತು. ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು. ಇಂಥ ಹೊಂಡದ ಲೆಕ್ಕ ಸುಲಭ. ಮೇಲಿನ ಚೌಕದ ಕ್ಷೇತ್ರಫಲ, ನಡುವಿನದರ ನಾಲ್ಕು ಪಟ್ಟು, ತಳದ್ದು, ಮೂರನ್ನೂ ಕೂಡಿಸಿ ಆಳದಿಂದ ಗುಣಿಸಿ ಆರರಿಂದ ಭಾಗಿಸಬೇಕು. ನಡು 9 ಮೀಟರ್. ಹಾಗಾಗಿ 144, 324, 36 ಕೂಡಿಸಿದರೆ 504. ಮೂರರಿಂದ ಗುಣಿಸಿ ಆರರಿಂದ ಭಾಗಿಸಿದರೆ 252 ಘನ ಮೀಟರ್. ಘನ ಮೀಟರಿಗೆ ಸಾವಿರ ಲೀಟರ್, ಅಂದರೆ 2 ಲಕ್ಷ 52 ಸಾವಿರ ಲೀಟರ್. ನನ್ನ ಹೊಂಡದಲ್ಲಿ ಹಿಡಿಯುತ್ತಿದ್ದದ್ದು 1 ಲಕ್ಷ 93 ಸಾವಿರ. ಉದ್ದ, ಅಗಲ, ಆಳ ಮೂರರಲ್ಲೂ ಅದೇ ತಪ್ಪು ಸೇರಿ ನೀರಿನಲ್ಲಿ ಹೆಚ್ಚೂಕಡಿಮೆ ಕಾಲು ಪಾಲು ನುಂಗಿತ್ತು. 59 ಸಾವಿರ ಲೀಟರ್! ಐದು ಸಾವಿರದ ಟ್ಯಾಂಕರ್ ಲೆಕ್ಕದಲ್ಲಿ ಹನ್ನೆರಡು ಟ್ಯಾಂಕರ್.

ಬೆಳೆಗೆ ಅದೆಷ್ಟು ಎಂದು ತಿಳಿಯಲು ಮಳೆಯ ಲೆಕ್ಕಕ್ಕೆ ಬಂದೆ. ಮೆಟ್ರಿಕ್ ಎಷ್ಟು ಚೆಂದ ಎಂದು ನನಗೆ ನಿಜವಾಗಿ ಗೊತ್ತಾದದ್ದು ಇಲ್ಲಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಇಂಚು, ಗ್ಯಾಲನ್ ಹಿಡಿದು ಇದೇ ಲೆಕ್ಕ ಮಾಡಿ ನೋಡಿ, ತಲೆ ಕೆಡುತ್ತದೆ. ಗುಂಟೆ ಅಂದರೆ 33 ಅಡಿ ಚೌಕ, ಸುಮಾರು 101 ಚದರ ಮೀಟರ್. ಹಾಗಾಗಿ ಒಂದು ಮಿಲಿಮೀಟರ್ ಮಳೆ ಅಂದರೆ ಗುಂಟೆಗೆ ನೂರು ಲೀಟರ್, ಎಕರೆಗೆ ನಾಲ್ಕು ಸಾವಿರ ಲೀಟರ್ ಎಂದು ಬಾಯಿಪಾಠ ಮಾಡಿಕೊಂಡಿದ್ದೇನೆ. ನಾನು ಕಳೆದುಕೊಂಡದ್ದು ಒಂದು ಎಕರೆಗೆ ಹದಿನಾಲ್ಕೂವರೆ ಮಿಲಿಮೀಟರ್ ಮಳೆ. ಶೇಂಗಾ ಬಾಡುವಾಗ ಅಂಥದೊಂದು ಮಳೆಗೆ ಎಷ್ಟು ದಿನ ಆಕಾಶ ನೋಡುತ್ತೇವೆ ಅಲ್ವಾ?

ಅಂದಿನಿಂದ ಹೊಲದಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ಬಾಯಿಯೂ ತಳವೂ ಒಂದೇ ಅಗಲ ಇರಬೇಕು, ಅಷ್ಟೇ. ಮೊದಲು ಬಾಟಲಿ ಇಟ್ಟು ಮೋಸ ಹೋಗಿದ್ದೆ. ಕುತ್ತಿಗೆ ಸಣ್ಣ, ಹೊಟ್ಟೆ ದೊಡ್ಡ, ಲೆಕ್ಕ ಸುಳ್ಳು. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ನೋಡಿ, ಬರೆದು, ಚೆಲ್ಲುತ್ತೇನೆ.

ಬೇಸಿಗೆಯಲ್ಲಿ ಹೊಂಡ ಬತ್ತಿದ ಮೇಲೆ ಶೀಟು ತೆಗೆಸಿದೆ. 30 ಮೀಟರಿನ ಟೇಪು ತಂದೆ. ಒಂದು ಬದಿ ಅಡಿ, ಇನ್ನೊಂದು ಬದಿ ಮೀಟರ್. ಅಡಿಯ ಬದಿಗೆ ಉದ್ದಕ್ಕೂ ಕಪ್ಪು ಪೇಂಟ್ ಬಳಿದುಬಿಟ್ಟೆ. ಆಳಕ್ಕೆ 3 ಮೀಟರಿನ ಗಳ, ಮೀಟರಿಗೊಂದು ಸುಣ್ಣದ ಗೆರೆ. ಅದೇ ಡ್ರೈವರ್ ಬಂದ. ಟೇಪು ನೋಡಿ, "ಇದೇನ್ರೀ ಅಣ್ಣಾರ, ಕಾಡಿಗಿ ಹಚ್ಚೀರಿ?" ಎಂದು ನಕ್ಕ. ಮೂಲೆಗಳಿಗೆ ಗೂಟ ಹೊಡೆದು, ಕರ್ಣ ಎರಡೂ ಕಡೆ 16.97 ಮೀಟರ್ ಬರುವ ತನಕ ಬಕೆಟ್ ಎತ್ತಲು ಬಿಡಲಿಲ್ಲ.

ಮಡಿಕೆ ಬಿಚ್ಚಿ ಶೀಟು ಮತ್ತೆ ಹಾಸಿದೆವು. ಅಂಚಿಗೆ ಅಂಚು ಕೂತಿತು. ಕಾಕಾ ದಂಡೆ ಸುತ್ತಿ ಬಂದು ಕೇಳಿದರು, "ಏನೂ ಉಳೀಲಿಲ್ಲಲ್ಲೋ, ಬಿಸಲಿಗೆ ಕುಗ್ಗೈತೇನು?"