ಮಳೆಗಾಲದಲ್ಲಿ ಗೊರಿಲ್ಲಾ ನೋಡಲು ಹೊರಡುವವರಿಗೆ

ಉಗಾಂಡಾದ ಬ್ವಿಂಡಿ ಕಾಡಿಗೆ ಹೆಚ್ಚಿನವರು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಇಲ್ಲವೇ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಏಪ್ರಿಲ್, ಮೇ ಅಥವಾ ನವೆಂಬರ್ ಅನ್ನುತ್ತೇನೆ. ಮಳೆ ಇರುತ್ತದೆ, ನಿಜ. ಆದರೆ ಅದು ಮಳೆಕಾಡು ಅಲ್ವಾ? ಒಣ ತಿಂಗಳಲ್ಲಿ ಹೋದವರೂ ನೆನೆದು ಬಂದಿದ್ದಾರೆ.

ಸೀಸನ್ ಅಲ್ಲ ಅಂದ ಕೂಡಲೇ ಎಲ್ಲವೂ ಅಗ್ಗ ಅಂದುಕೊಳ್ಳಬೇಡಿ. 2024ರ ಜುಲೈನಿಂದ ವಿದೇಶಿಯರಿಗೆ ಗೊರಿಲ್ಲಾ ಪರ್ಮಿಟ್ 800 ಡಾಲರ್. ಹಿಂದೆ ಮಳೆ ತಿಂಗಳುಗಳಿಗೆ ರಿಯಾಯಿತಿ ಕೊಟ್ಟದ್ದುಂಟು. ಈಗ ಇದೆಯೇ ಅಂತ ಉಗಾಂಡಾ ವೈಲ್ಡ್‌ಲೈಫ್ ಅಥಾರಿಟಿಯನ್ನೇ ಕೇಳಿ, ಆದರೆ ಅದನ್ನು ನಂಬಿ ಬಜೆಟ್ ಹಾಕಬೇಡಿ. ಉಳಿತಾಯ ಆಗುವುದು ಲಾಡ್ಜ್ ಬಾಡಿಗೆಯಲ್ಲಿ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಒಂದು ಗೊರಿಲ್ಲಾ ಕುಟುಂಬದ ಹತ್ತಿರ ದಿನಕ್ಕೆ 8 ಜನರನ್ನು ಮಾತ್ರ ಬಿಡುತ್ತಾರೆ. ಜುಲೈನಲ್ಲಿ ಈ ಜಾಗಕ್ಕೆ ತಿಂಗಳುಗಟ್ಟಲೆ ಮೊದಲೇ ನೂಕುನುಗ್ಗಲು. ಮಳೆಗಾಲದಲ್ಲಿ ಬೇಕಾದ ದಿನ, ಬೇಕಾದ ಸೆಕ್ಟರ್, ಅಂದರೆ ಕಾಡಿನ ಭಾಗ, ಸಿಗುವ ಸಾಧ್ಯತೆ ಜಾಸ್ತಿ.

ಸೆಕ್ಟರ್ ಅಂದೆನಲ್ಲ, ಇಡೀ ಪ್ಲಾನ್ ನಿಂತಿರುವುದು ಇದರ ಮೇಲೆ. ಬ್ವಿಂಡಿಯಲ್ಲಿ ನಾಲ್ಕಿವೆ: ಉತ್ತರಕ್ಕೆ ಬುಹೋಮಾ, ಪೂರ್ವಕ್ಕೆ ರುಹಿಜಾ, ದಕ್ಷಿಣಕ್ಕೆ ರುಶಾಗಾ ಮತ್ತು ನ್ಕುರಿಂಗೊ. ಪರ್ಮಿಟ್ ಯಾವ ಸೆಕ್ಟರಿನದೋ ಅಲ್ಲಿಗೇ ಬೆಳಿಗ್ಗೆ ಹಾಜರಾಗಬೇಕು. ನಕ್ಷೆಯಲ್ಲಿ ಪಕ್ಕಪಕ್ಕ ಕಾಣುತ್ತವೆ, ಗುಡ್ಡ ಸುತ್ತಿ ಹೋಗುವ ದಾರಿಯಲ್ಲಿ ಮಾತ್ರ ಗಂಟೆಗಟ್ಟಲೆ ಹಿಡಿಯುತ್ತದೆ. ಮಳೆ ಬಿದ್ದ ಮಣ್ಣಿನ ರಸ್ತೆಯಲ್ಲಂತೂ ಕೇಳಲೇಬೇಡಿ. ಹಾಗಾಗಿ ಮೊದಲು ಪರ್ಮಿಟ್, ಆಮೇಲೆ ಅದೇ ಸೆಕ್ಟರಿನಲ್ಲಿ ರೂಮು. ಚಂದದ ಲಾಡ್ಜ್ ಫೋಟೋ ನೋಡಿ ಈ ಕ್ರಮ ತಿರುಗಿಸಬೇಡಿ. ಫೋರ್ ವೀಲ್ ಡ್ರೈವ್ ಗಾಡಿಯನ್ನೇ ಹೇಳಿ. ಟ್ರೆಕ್ಕಿಂಗ್‌ನ ಹಿಂದಿನ ದಿನ ಖಾಲಿ ಬಿಡಿ, ರಸ್ತೆ ಕೈಕೊಟ್ಟರೆ ಆ ದಿನ ಕಾಪಾಡುತ್ತದೆ.

ನನಗೆ ಮಂಡಿ ನೋವು. ಅದಕ್ಕೇ ರುಶಾಗಾ ಇಷ್ಟ: ಜನರಿಗೆ ಒಗ್ಗಿದ ಕುಟುಂಬಗಳು ಅಲ್ಲಿ ಹೆಚ್ಚು, ಆಯ್ಕೆಗೆ ಅವಕಾಶವೂ ಹೆಚ್ಚು. ನ್ಕುರಿಂಗೊ ಕಡಿದಾದ ಇಳಿಜಾರು, ಗಟ್ಟಿ ಕಾಲಿನವರಿಗೆ ಸರಿ. ಬೆಳಿಗ್ಗೆ ಗುಂಪು ಮಾಡುವ ರೇಂಜರ್‌ಗೆ ನಿಮ್ಮ ಕಾಲಿನ ಕಥೆ ನಾಚಿಕೆ ಬಿಟ್ಟು ಹೇಳಿ. ಹತ್ತಿರದ ಕುಟುಂಬಕ್ಕೆ ಹಾಕಲು ನೋಡುತ್ತಾರೆ. ಖಾತ್ರಿ ಇಲ್ಲ, ಗೊರಿಲ್ಲಾಗಳು ದಿನಾ ಜಾಗ ಬದಲಿಸುತ್ತವೆ. ಬ್ಯಾಗ್ ಹಗುರವಿದ್ದರೂ ಒಬ್ಬ ಪೋರ್ಟರ್ ಇರಲಿ. ಕೆಸರಿನಲ್ಲಿ ಹಿಂದಿನಿಂದ ತಳ್ಳಿ, ಮುಂದಿನಿಂದ ಎಳೆದು ದಾಟಿಸುವವರು ಅವರೇ. ಅವರು ಸುತ್ತಲ ಹಳ್ಳಿಯವರು, ಕೊಟ್ಟ ದುಡ್ಡು ನೇರ ಮನೆ ಸೇರುತ್ತದೆ.

ಪ್ಯಾಂಟಿನ ತುದಿಯನ್ನು ಉದ್ದ ಸಾಕ್ಸ್ ಒಳಗೆ ಸಿಕ್ಕಿಸಿ, ಇರುವೆ ಹತ್ತದಿರಲಿ. ತೋಟದ ಕೆಲಸದ ಕೈಗವಸು ಒಯ್ಯಿರಿ, ದಾರಿಯುದ್ದಕ್ಕೂ ತುರುಚೆ ಗಿಡ. ಕ್ಯಾಮೆರಾಗೂ ಮಳೆ ಕವರ್ ಬೇಕು. ಫ್ಲ್ಯಾಶ್ ನಿಷೇಧ. ಅಂದಹಾಗೆ, ಕಪ್ಪು ರೋಮದ ಫೋಟೋಗೆ ಮೋಡದ ಬೆಳಕೇ ವಾಸಿ.

ಗೊರಿಲ್ಲಾ ಸಿಕ್ಕ ಮೇಲೆ ಒಂದೇ ಗಂಟೆ. ಜೋರು ಮಳೆ ಬಂದರೆ ಅವು ಕೈಕಟ್ಟಿ, ತಲೆ ತಗ್ಗಿಸಿ ಕೂತುಬಿಡುತ್ತವೆ. ಮರಿಗಳ ಆಟ ನೋಡುವ ಆಸೆ ಅಲ್ಲಿಗೆ ಮುಗಿಯಿತು. ಈ ತಿಂಗಳುಗಳಲ್ಲಿ ಹೋಗುವವರು ಈ ಜೂಜಿಗೆ ಒಪ್ಪಿಯೇ ಹೋಗಬೇಕು. ಮಳೆ ಜಾಸ್ತಿ ಮಧ್ಯಾಹ್ನದ ಮೇಲೆ, ಟ್ರೆಕ್ಕಿಂಗ್ ಬೆಳಿಗ್ಗೆ. ಇದೊಂದು ನಮ್ಮ ಪರ. ನೆಗಡಿ, ಕೆಮ್ಮು ಇದ್ದರೆ ಹತ್ತಿರ ಬಿಡುವುದಿಲ್ಲ. ನಮ್ಮ ಸೋಂಕು ಅವಕ್ಕೂ ತಗಲುತ್ತದೆ. ಮಾಸ್ಕ್ ಒಯ್ಯಿರಿ. 15 ವರ್ಷದ ಒಳಗಿನ ಮಕ್ಕಳಿಗೂ ಪ್ರವೇಶವಿಲ್ಲ.

ಉಗಾಂಡಾದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಳಿದರೆ ಬ್ವಿಂಡಿಗೆ ಇಡೀ ದಿನದ ರಸ್ತೆ. ದಕ್ಷಿಣದ ಸೆಕ್ಟರ್‌ಗಳಿಗೆ ರುವಾಂಡಾದ ಕಿಗಾಲಿಯೇ ಹತ್ತಿರ. ಹಾಗೆ ಹೋಗುವುದಾದರೆ 100 ಡಾಲರಿನ ಪೂರ್ವ ಆಫ್ರಿಕಾ ಟೂರಿಸ್ಟ್ ವೀಸಾ ತೆಗೆಸಿ. ಉಗಾಂಡಾ, ರುವಾಂಡಾ, ಕೀನ್ಯಾ ಮೂರಕ್ಕೂ 90 ದಿನ ನಡೆಯುತ್ತದೆ. ಯೆಲ್ಲೋ ಫೀವರ್ ಲಸಿಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು, ಕಾರ್ಡ್ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ. ಹಳೆಯ, ಮಡಿಕೆ ಬಿದ್ದ ಡಾಲರ್ ನೋಟು ಅಲ್ಲಿ ಬೇಡ ಅನ್ನುತ್ತಾರೆ. ಹೊಸವನ್ನೇ ಒಯ್ದು, ಪೋರ್ಟರ್‌ಗೆ ಕೊಡಲು ಸ್ವಲ್ಪವನ್ನು ಉಗಾಂಡಾ ಶಿಲ್ಲಿಂಗ್ ಮಾಡಿಸಿಟ್ಟುಕೊಳ್ಳಿ.