ಮಾರ್ಕ್ 4 ಹೆಲ್ಮೆಟ್: ಮೊದಲು ರಿವೆಟ್ ನೋಡಿ

ಬ್ರಿಟಿಷ್ ಸೇನೆಯ ಮಾರ್ಕ್ 3, ಮಾರ್ಕ್ 4 ಉಕ್ಕಿನ ಹೆಲ್ಮೆಟ್‌ಗಳಿಗೆ ಒಂದೇ ಆಮೆಚಿಪ್ಪಿನ ಆಕಾರ. ಬೆಲೆಯಲ್ಲಿ ಮಾತ್ರ ಅಜಗಜಾಂತರ. 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಇಳಿದ ಬ್ರಿಟಿಷ್, ಕೆನಡಾ ಸೈನಿಕರಲ್ಲಿ ಹಲವರ ತಲೆ ಮೇಲಿದ್ದದ್ದು ಮಾರ್ಕ್ 3. 1945ರಲ್ಲಿ ಬಂದ ಮಾರ್ಕ್ 4 ಎರಡನೇ ಮಹಾಯುದ್ಧಕ್ಕೆ ತಡವಾಗಿ, 1980ರ ದಶಕದವರೆಗೂ ದುಡಿಯಿತು. ಹೀಗಾಗಿ ನಾಲ್ಕನ್ನು ಮೂರೆಂದು ಮಾರುವವರಿಗೆ ಬರವಿಲ್ಲ.

ಕೈಗೆ ಬಂದ ಕೂಡಲೇ ನಾನು ನೋಡುವುದು ಗದ್ದದ ಪಟ್ಟಿಯ ಕೊಂಡಿ ಹಿಡಿದ ರಿವೆಟ್ (ಬಡಿದು ಕೂರಿಸಿದ ಮೊಳೆ), ಪಕ್ಕಕ್ಕೊಂದು. ಮೂರರಲ್ಲಿ ಅದು ಮೇಲಿರುತ್ತದೆ, ನಾಲ್ಕರಲ್ಲಿ ಅಂಚಿನ ಹತ್ತಿರಕ್ಕೆ ಇಳಿದಿರುತ್ತದೆ. ಲೈನರ್ (ಒಳಗಿನ ಮೆತ್ತೆ) ಬದಲಿಸಬಹುದು, ಬಣ್ಣ ಬಳಿಯಬಹುದು, ಬೇಕಾದ ಇಸವಿಯನ್ನೂ ಒತ್ತಬಹುದು. ರಿವೆಟ್ಟಿನ ತೂತನ್ನು ಸರಿಸಲು ಬರುವುದಿಲ್ಲ. ಹೊಸದು ಕೊರೆದರೆ ಹಳೆಯದನ್ನು ಮುಚ್ಚಲೇಬೇಕು. ಟಾರ್ಚನ್ನು ಹೆಲ್ಮೆಟ್ಟಿನ ಮೈಗೆ ಓರೆಯಾಗಿ ಹಿಡಿದರೆ ಪುಟ್ಟಿ ತುಂಬಿದ ಜಾಗ ತಗ್ಗಾಗಿಯೋ ಉಬ್ಬಾಗಿಯೋ ಎದ್ದು ಕಾಣುತ್ತದೆ. ಒಳಮೈ ಮೇಲೆ ಬೆರಳಾಡಿಸಿದರೂ ಸಿಕ್ಕಿಬೀಳುತ್ತದೆ.

ಆಮೇಲೆ ನೆತ್ತಿ. ಮಾರ್ಕ್ 4ರ ಲೈನರ್ ಸ್ಕ್ರೂ ಮೇಲೆ ನಿಂತಿಲ್ಲ, ಟಿಚ್ ಬಟನ್ ಥರದ ಗುಂಡಿಯ ಮೇಲಿದೆ. ಲೈನರ್ ಕಿತ್ತು ಚಿಪ್ಪಿನಲ್ಲಿ ನೀರು ಹಿಡಿಯಲಿ ಎಂಬ ಲೆಕ್ಕ. ಈ ಬಟನ್ ಮೂರು ಕಡೆ ಕಚ್ಚಿಕೊಂಡು ಒಂದೇ ಕಡೆ ಬಿಡುತ್ತದೆ. ಬಿಡುವ ಕಡೆ ಸಣ್ಣ ಚುಕ್ಕೆ ಇರುತ್ತದೆ. ಚುಕ್ಕೆ ಕಾಣದಿದ್ದರೆ ನಾಲ್ಕೂ ಕಡೆಯಿಂದ ಮೆಲ್ಲಗೆ ಎತ್ತಿ ನೋಡಿ. ನೇರವಾಗಿ ಎಳೆದರೆ ಬಟನ್ ಬಿಡುವುದಿಲ್ಲ, ಒಣಗಿದ ಲೈನರ್ ಹರಿಯುತ್ತದೆ. ತುಕ್ಕು ಹಿಡಿದಿದ್ದರೆ ಸೂಜಿ ತುದಿಯಲ್ಲಿ ಒಂದು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡುತ್ತೇನೆ. ಎಣ್ಣೆ ರಬ್ಬರ್ ಪ್ಯಾಡಿಗೆ ತಾಗಿದರೆ ಅದು ಊದಿ ಅಂಟಾಗುತ್ತದೆ.

ಬಣ್ಣ ತರಿತರಿಯಾಗಿರುವುದರಿಂದ ಕೊಳೆ ಸಂದಿಯಲ್ಲಿ ಕೂರುತ್ತದೆ. ಉಗುರುಬೆಚ್ಚನೆ ನೀರು, ಒಂದೆರಡು ಹನಿ ಸೌಮ್ಯ ಸೋಪು, ಮೆದು ಬ್ರಷ್ ಸಾಕು. ತೊಳೆದ ಕೂಡಲೇ ಒರೆಸಿ ಒಣಗಿಸಬೇಕು. 0000 ನಂಬರಿನ ಸ್ಟೀಲ್ ವೂಲ್ (ಅತಿ ನಯವಾದ ಉಕ್ಕಿನ ಎಳೆಗಳ ಉಂಡೆ) ಬರಿಯ ತುಕ್ಕಿನ ಕಲೆಗೆ ಮಾತ್ರ, ಅದೂ ಎಣ್ಣೆ ಹಚ್ಚಿ. ಸ್ಯಾಂಡ್ ಪೇಪರ್ ಬೇಡವೇ ಬೇಡ: ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಮೂಲ ಬಣ್ಣ ಹೋದರೆ ಬೆಲೆಯೂ ಹೋಯಿತು. ಹೊಸ ಬಣ್ಣ ಹೊಡೆದ ಹೆಲ್ಮೆಟ್ಟಿಗಿಂತ ಗೀರು ಬಿದ್ದದ್ದೇ ನನಗೆ ವಾಸಿ. ಕೊನೆಗೆ ಮೈಕ್ರೋಕ್ರಿಸ್ಟಲೈನ್ ಮೇಣದ (ಪೆಟ್ರೋಲಿಯಂನಿಂದ ತೆಗೆದ ಸೂಕ್ಷ್ಮ ಹರಳಿನ ಮೇಣ) ತೆಳು ಲೇಪ.

ನಮ್ಮ ಮಳೆಗಾಲದಲ್ಲಿ ಲೈನರನ್ನು ಬೇರ್ಪಡಿಸಿ, ಆಮ್ಲರಹಿತ ಕಾಗದ ತುಂಬಿ ಇಡುತ್ತೇನೆ. ಹತ್ತಿರದಲ್ಲಿ ತೇವ ಹೀರುವ ಸಿಲಿಕಾ ಜೆಲ್. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಖಂಡಿತ. ಗದ್ದದ ಪಟ್ಟಿಯಿಂದ ಮೊಳೆಗೆ ನೇತುಹಾಕುವುದೂ ಸಲ್ಲ, ಅದರ ಎಲಾಸ್ಟಿಕ್ ಜೋತುಬೀಳುತ್ತದೆ.