ಸೌಂಡರ್ಸ್ ಮತ್ತು ಫುಲಂ: ಸಿಯಾಟಲ್‌ನಿಂದ ಎರಡು ತಂಡಗಳ ಅಭಿಮಾನಿಯಾಗಿ ನನ್ನ ಅನುಭವ

ಇಂಗ್ಲೆಂಡಿನ ಯಾವ ಫುಟ್‌ಬಾಲ್ ತಂಡವನ್ನು ಬೆಂಬಲಿಸಬೇಕೆಂದು ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಕೇಳಿದಾಗಲೆಲ್ಲ, ಹೆಚ್ಚು ಕಪ್ ಗೆದ್ದ ತಂಡವನ್ನು ಹುಡುಕಬೇಡಿ, ನಿಮ್ಮ ಊರಿನ ಮೈದಾನದಲ್ಲಿ ಕಂಡ ಆಟಗಾರನೊಬ್ಬನ ಜಾಡು ಹಿಡಿದು ಹೋಗಿ ಎಂದು ಹೇಳುತ್ತೇನೆ. ನಾನು ಲಂಡನ್ನಿನ ಫುಲಂ ತಂಡದ ಅಭಿಮಾನಿಯಾದದ್ದು ಹಾಗೆಯೇ. ಸಿಯಾಟಲ್ ಸೌಂಡರ್ಸ್ ತಂಡವು 2009ರ ಮಾರ್ಚ್ 19ರಂದು ಅಮೆರಿಕದ ಲೀಗ್ ಆದ ಮೇಜರ್ ಲೀಗ್ ಸಾಕರ್‌ನಲ್ಲಿ ತನ್ನ ಮೊದಲ ಪಂದ್ಯವಾಡಿ ನ್ಯೂಯಾರ್ಕ್ ರೆಡ್ ಬುಲ್ಸ್ ತಂಡವನ್ನು 3-0ರಿಂದ ಸೋಲಿಸಿದಾಗ ನಮ್ಮ ಗೋಲು ಕಾಯುತ್ತಿದ್ದವರು ಕೇಸಿ ಕೆಲ್ಲರ್. ನಮ್ಮ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲೇ ಹುಟ್ಟಿದ ಅವರು ಅದಕ್ಕೂ ಹಿಂದಿನ ವರ್ಷದ ಮೇ ತಿಂಗಳಲ್ಲಿ, ಫುಲಂ ತಂಡವು ಪೋರ್ಟ್ಸ್‌ಮತ್‌ನಲ್ಲಿ 1-0ರಿಂದ ಗೆದ್ದು ಕೇವಲ ಗೋಲುಗಳ ಅಂತರದಿಂದ, ಕೆಳಗಿನ ಲೀಗ್‌ಗೆ ಇಳಿಯದೆ, ಇಂಗ್ಲೆಂಡಿನ ಅತ್ಯುನ್ನತ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಉಳಿದುಕೊಂಡ ಕೊನೆಯ ಪಂದ್ಯದಲ್ಲಿಯೂ ಗೋಲ್‌ಕೀಪರ್ ಆಗಿದ್ದರು. ಬ್ರಯಾನ್ ಮೆಕ್‌ಬ್ರೈಡ್, ಕಾರ್ಲೋಸ್ ಬೊಕನೆಗ್ರಾ, ಕ್ಲಿಂಟ್ ಡೆಂಪ್ಸಿ ಮುಂತಾದ ಅಮೆರಿಕನ್ನರೂ ಆಗ ಅದೇ ತಂಡದಲ್ಲಿದ್ದರು. ಮೆಕ್‌ಬ್ರೈಡ್ ಅವರ ಹೆಸರನ್ನು ಕ್ಲಬ್ಬು ತನ್ನ ಮೈದಾನದ ಬಾರ್ ಒಂದಕ್ಕೆ ಇಟ್ಟಿದೆ.

ನನ್ನನ್ನು ಪೂರ್ತಿಯಾಗಿ ಕಟ್ಟಿಹಾಕಿದ್ದು 2010ರ ಮಾರ್ಚ್ 18ರ ಪಂದ್ಯ. ಯುರೋಪಿನ ಕ್ಲಬ್ಬುಗಳ ಯುರೋಪಾ ಲೀಗ್‌ನಲ್ಲಿ, ಎರಡು ಪಂದ್ಯಗಳ 16ರ ಸುತ್ತಿನ ಮೊದಲ ಪಂದ್ಯದಲ್ಲಿ ಇಟಲಿಯ ಯುವೆಂಟಸ್‌ಗೆ 3-1ರಿಂದ ಸೋತು ಬಂದಿದ್ದ ಫುಲಂ, ತವರಿನಲ್ಲಿ ಎರಡನೆಯ ನಿಮಿಷದಲ್ಲೇ ಮತ್ತೊಂದು ಗೋಲು ಬಿಟ್ಟುಕೊಟ್ಟಿತು. ಅಲ್ಲಿಂದ ಮುಂದೆ ಬಾಬಿ ಝಮೋರಾ ಒಂದು, ಝೋಲ್ತಾನ್ ಗೆರಾ ಎರಡು ಗೋಲು ಹೊಡೆದು ಎರಡೂ ಪಂದ್ಯಗಳ ಒಟ್ಟು ಲೆಕ್ಕವನ್ನು ಸಮಮಾಡಿದರು. 82ನೆಯ ನಿಮಿಷದಲ್ಲಿ ಪೆನಾಲ್ಟಿ ಆವರಣದ ಅಂಚಿನಲ್ಲಿ ಚೆಂಡನ್ನು ಪಡೆದ ಡೆಂಪ್ಸಿ, ಬಲವಾಗಿ ಒದೆಯುವ ಬದಲು ಪಾದದಿಂದ ಮೆಲ್ಲಗೆ ಎತ್ತಿ ಹಾಕಿದರು. ಚೆಂಡು ಗೋಲ್‌ಕೀಪರ್‌ನ ತಲೆಯ ಮೇಲಿಂದ ಬಾಗಿ ಆಚೆಯ ಮೂಲೆಯ ಬಲೆಗೆ ಇಳಿಯಿತು. ಅದೇ ಡೆಂಪ್ಸಿ 2013ರಲ್ಲಿ ಸೌಂಡರ್ಸ್ ಸೇರಿದಾಗ ನನಗಾದ ಸಂತೋಷ ಇಂದಿಗೂ ಮಾಸಿಲ್ಲ.

ಇನ್ನು ಸಮಯದ ಲೆಕ್ಕ. ಲಂಡನ್ ನಮಗಿಂತ ಎಂಟು ಗಂಟೆ ಮುಂದಿರುವುದರಿಂದ ಅಲ್ಲಿನ ಶನಿವಾರ ಮಧ್ಯಾಹ್ನ ಮೂರರ ಪಂದ್ಯ ನಮಗೆ ಬೆಳಿಗ್ಗೆ ಏಳಕ್ಕೆ, ಹನ್ನೆರಡೂವರೆಯ ಪಂದ್ಯ ನಸುಕಿನ ನಾಲ್ಕೂವರೆಗೆ ಆರಂಭವಾಗುತ್ತದೆ. ಎರಡೂ ದೇಶಗಳು ಗಡಿಯಾರವನ್ನು ಬೇರೆ ಬೇರೆ ಭಾನುವಾರಗಳಂದು ಬದಲಿಸುವುದರಿಂದ ಮಾರ್ಚ್ ತಿಂಗಳಲ್ಲಿ ಕೆಲವು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಈ ಅಂತರ ಏಳು ಗಂಟೆಗೆ ಇಳಿಯುತ್ತದೆ ಎಂಬುದನ್ನು ಹೊಸಬರು ಗುರುತು ಹಾಕಿಕೊಳ್ಳಬೇಕು. ನಿದ್ದೆಗೆಟ್ಟರೂ ನಮಗೊಂದು ಭಾಗ್ಯವಿದೆ: ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ನೇರ ಪ್ರಸಾರಕ್ಕೆ ತಡೆಯಿರುವ ಕಾರಣ, ಲಂಡನ್ನಿನವರು ತಮ್ಮ ಮನೆಯಲ್ಲಿ ನೋಡಲಾಗದ ಪಂದ್ಯವನ್ನು ನಾನು ಸಿಯಾಟಲ್‌ನಲ್ಲಿ ಕಾಫಿ ಹಿಡಿದು ನೋಡುತ್ತೇನೆ. ಅದೇ ದಿನ ಸಂಜೆ ಆಕ್ಸಿಡೆಂಟಲ್ ಚೌಕದಿಂದ ಹಸಿರು ಶಾಲು ಹೊದ್ದ ಜನರ ಮೆರವಣಿಗೆಯೊಂದಿಗೆ ಹಾಡುತ್ತ ಸೌಂಡರ್ಸ್‌ನ ಮೈದಾನವಾದ ಲುಮೆನ್ ಫೀಲ್ಡ್‌ಗೆ ನಡೆದರೆ ನನ್ನ ಶನಿವಾರ ತುಂಬಿದಂತೆ.

ಲಂಡನ್ನಿಗೆ ಹೋಗಿಯೇ ಪಂದ್ಯ ನೋಡುವವರು ಎರಡು ವಿಷಯಗಳನ್ನು ತಿಳಿದಿರಬೇಕು. ಪ್ರೀಮಿಯರ್ ಲೀಗ್‌ನ ವೇಳಾಪಟ್ಟಿ ಜೂನ್‌ನಲ್ಲಿ ಪ್ರಕಟವಾದರೂ ಟಿವಿ ವಾಹಿನಿಗಳ ಆಯ್ಕೆಗೆ ತಕ್ಕಂತೆ ಶನಿವಾರದ ಪಂದ್ಯ ಭಾನುವಾರಕ್ಕೋ ಸೋಮವಾರಕ್ಕೋ ಸರಿಯುತ್ತದೆ. ಹೀಗಾಗಿ ನಾನು ಶುಕ್ರವಾರದಿಂದ ಮಂಗಳವಾರದವರೆಗೆ ಅಲ್ಲಿರುವಂತೆಯೇ ವಿಮಾನದ ಟಿಕೆಟ್ ತೆಗೆಯುತ್ತೇನೆ. ಇನ್ನೊಂದು, ಪಂದ್ಯದ ಟಿಕೆಟ್. ಅಮೆರಿಕದಲ್ಲಿ ಯಾರು ಬೇಕಾದರೂ ತಮ್ಮ ಟಿಕೆಟ್ಟನ್ನು ಮರುಮಾರಾಟದ ತಾಣಗಳಲ್ಲಿ ಮಾರುವುದು ಸಾಮಾನ್ಯ; ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರ ಕಾನೂನಿನ ಪ್ರಕಾರ ಅಪರಾಧ. ಕ್ಲಬ್ಬಿನ ಸದಸ್ಯತ್ವ ಪಡೆದು ಅವರಿಂದಲೇ ಟಿಕೆಟ್ ಕೊಳ್ಳುವುದು ಸರಿಯಾದ ದಾರಿ.

ಪಟ್ನಿ ಬ್ರಿಜ್ ನಿಲ್ದಾಣದಲ್ಲಿ ಇಳಿದು, ಥೇಮ್ಸ್ ನದಿಯ ಪಕ್ಕದ ಬಿಷಪ್ಸ್ ಪಾರ್ಕಿನ ಮರಗಳ ಸಾಲಿನಲ್ಲಿ ಸ್ವಲ್ಪ ಹೊತ್ತು ನಡೆದರೆ ಫುಲಂನ ಮೈದಾನ ಕ್ರೇವನ್ ಕಾಟೇಜ್ ಸಿಗುತ್ತದೆ. 1905ರಲ್ಲಿ ಆರ್ಚಿಬಾಲ್ಡ್ ಲೀಚ್ ವಿನ್ಯಾಸದಲ್ಲಿ ಕಟ್ಟಿದ ಜಾನಿ ಹೇನ್ಸ್ ಸ್ಟ್ಯಾಂಡಿನ ಮರದ ಕುರ್ಚಿಗಳು ಎಷ್ಟು ಇಕ್ಕಟ್ಟೆಂದರೆ ಮೊಣಕಾಲು ಮುಂದಿನ ಸಾಲಿಗೆ ತಾಗುತ್ತದೆ. ಲುಮೆನ್ ಫೀಲ್ಡ್‌ನ ದಕ್ಷಿಣ ತುದಿಯಲ್ಲಿ ಮೈದಾನಕ್ಕೆ ಬೆನ್ನುಮಾಡಿ ನಿಂತವರೊಬ್ಬರು ತೊಂಬತ್ತು ನಿಮಿಷವೂ ಹಾಡಿಸುತ್ತಾರೆ. ಕ್ರೇವನ್ ಕಾಟೇಜ್‌ನಲ್ಲಿ ಹಾಡು ಆಟದ ಜೊತೆ ತಾನಾಗಿ ಏಳುತ್ತದೆ, ತಾನಾಗಿ ನಿಲ್ಲುತ್ತದೆ. ನಿಂತಾಗ ಡಿಫೆಂಡರುಗಳು ಪರಸ್ಪರ ಕೂಗಿ ಎಚ್ಚರಿಸುವುದೂ ಕೇಳಿಸುತ್ತದೆ. ಎರಡರಲ್ಲಿ ಯಾವುದು ಮೇಲೆಂದು ಹೇಳಲು ನನಗೆ ಮನಸ್ಸಿಲ್ಲ, ಎರಡೂ ನನಗೆ ಬೇಕು.

ನಿಜವಾದ ವ್ಯತ್ಯಾಸ ಇರುವುದು ಅಂಕಪಟ್ಟಿಯ ಕೆಳಗಿನ ತುದಿಯಲ್ಲಿ. ಅಮೆರಿಕದ ಲೀಗ್‌ನಲ್ಲಿ ಕಟ್ಟಕಡೆಯ ತಂಡವೂ ಮರುವರ್ಷ ಅದೇ ಲೀಗ್‌ನಲ್ಲಿ ಆಡುತ್ತದೆ. ಫುಲಂ ಮಾತ್ರ 2014, 2019 ಮತ್ತು 2021ರಲ್ಲಿ ಕೆಳಗಿನ ಲೀಗ್‌ಗೆ ಇಳಿಯಿತು, 2018, 2020 ಮತ್ತು 2022ರಲ್ಲಿ ಮೇಲೇರಿತು. ಆ ಇಳಿತದ ವರ್ಷಗಳಲ್ಲಿ ಪಂದ್ಯಗಳು ಇಲ್ಲಿನ ಟಿವಿಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲವಾದ್ದರಿಂದ ಎಷ್ಟೋ ಬಾರಿ ಬರಿಯ ವೀಕ್ಷಕ ವಿವರಣೆ ಕೇಳಿ ತೃಪ್ತಿಪಟ್ಟಿದ್ದೇನೆ. ಸೇಂಟ್ ಲೂಯಿಸ್‌ನ ಟಿಮ್ ರೀಮ್ ಆ ಮೂರೂ ಬಡ್ತಿಗಳಲ್ಲಿ ತಂಡದೊಂದಿಗಿದ್ದರು. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಟಾಮ್ ಕೇರ್ನಿ ಹೊಡೆದ ಒಂದೇ ಗೋಲಿನಿಂದ ಆಸ್ಟನ್ ವಿಲ್ಲಾ ತಂಡವನ್ನು ಸೋಲಿಸಿ ಮೇಲೇರಿದ 2018ರ ಗೆಲುವಿನ ತೂಕ, ಕೆಳಗಿಳಿದ ನೋವನ್ನು ಅನುಭವಿಸಿದವರಿಗೇ ಗೊತ್ತು.

ನಾನು ಲಂಡನ್ನಿಗೆ ಹೋಗುವುದು ಸಾಮಾನ್ಯವಾಗಿ ಜನವರಿಯಲ್ಲಿ, ಸೌಂಡರ್ಸ್‌ಗೆ ಪಂದ್ಯಗಳಿಲ್ಲದ ಕಾಲದಲ್ಲಿ; ಸೋತವರು ಹೊರಬೀಳುವ ಇಂಗ್ಲೆಂಡಿನ ಪಂದ್ಯಾವಳಿಯಾದ ಎಫ್‌ಎ ಕಪ್‌ನ ಮೂರನೆಯ ಸುತ್ತು ನಡೆಯುವುದೂ ಆಗಲೇ. ಮೇಜರ್ ಲೀಗ್ ಸಾಕರ್ 2027ರಿಂದ ಇಂಗ್ಲೆಂಡಿನಂತೆ ಬೇಸಿಗೆಯಿಂದ ವಸಂತದವರೆಗಿನ ಋತುವಿಗೆ ಹೊರಳಲಿದೆಯಾದರೂ ಡಿಸೆಂಬರ್ ಮಧ್ಯದಿಂದ ಫೆಬ್ರುವರಿ ಆರಂಭದವರೆಗೆ ಬಿಡುವು ಇಟ್ಟುಕೊಂಡಿದೆ; ಹೀಗಾಗಿ ನನ್ನ ಜನವರಿಯ ಪ್ರಯಾಣವನ್ನು ಬದಲಿಸಬೇಕಾಗಿಲ್ಲ.